ಎರಡು ಕಂಬ, ಒಂದು ಚೆಂಡು: ಪ್ರೊಜೆಕ್ಟೈಲ್ ಲೆಕ್ಕದಲ್ಲಿ ಸಿಮೆಟ್ರಿ ಬಳಸೋದು ಹೇಗೆ?

ಪ್ರಶ್ನೆ (ಪ್ರಥಮ ಪಿಯು ವಿದ್ಯಾರ್ಥಿನಿ, ಅರಸೀಕೆರೆ):
ಸರ್, ಈ ಲೆಕ್ಕದಲ್ಲಿ ವೇಗವನ್ನೂ ಕೊಟ್ಟಿಲ್ಲ, ಕೋನವನ್ನೂ ಕೊಟ್ಟಿಲ್ಲ. ನೆಲದಿಂದ ಒದ್ದ ಚೆಂಡು 1ನೇ ಸೆಕೆಂಡಿಗೆ ಒಂದು ಕಂಬದ ತುದಿಯನ್ನೂ, 3ನೇ ಸೆಕೆಂಡಿಗೆ ಅಷ್ಟೇ ಎತ್ತರದ ಇನ್ನೊಂದು ಕಂಬದ ತುದಿಯನ್ನೂ ಸವರಿಕೊಂಡು ಹೋಗುತ್ತೆ. ಕಂಬಗಳ ನಡುವೆ 30 ಮೀಟರ್. ಜಿ (ಗುರುತ್ವ ವೇಗೋತ್ಕರ್ಷ) ಬೆಲೆ 10. ಒದ್ದ ವೇಗ, ಕೋನ, ಕಂಬದ ಎತ್ತರ, ರೇಂಜ್ (ನೆಲಕ್ಕೆ ಬೀಳೋವರೆಗಿನ ಅಡ್ಡ ದೂರ) ಕೇಳಿದ್ದಾರೆ. ಪಥದ ಸಮೀಕರಣ ಹಾಕಿದರೆ ಪುಟ ತುಂಬುತ್ತೆ, ಉತ್ತರ ಬರಲ್ಲ.

ಉತ್ತರ (ಭೌತಶಾಸ್ತ್ರ ಉಪನ್ಯಾಸಕರು, ಹಾಸನ):
ಪಥದ ಸಮೀಕರಣ ಪಕ್ಕಕ್ಕಿಡಮ್ಮ. ನಿನಗೆ ಕೊಟ್ಟಿರೋದು ಸಮಯ, ಆ ಸಮೀಕರಣದಲ್ಲಿ ಸಮಯವೇ ಇಲ್ಲ. ಮೊದಲು ಚೆಂಡು ತುತ್ತತುದಿ ಮುಟ್ಟಿದ್ದು ಯಾವಾಗ ಅಂತ ಹುಡುಕು. ಒಂದೇ ಎತ್ತರವನ್ನು 1ಕ್ಕೂ 3ಕ್ಕೂ ದಾಟಿದೆ ಅಂದಮೇಲೆ ತುತ್ತತುದಿ ಸರಿಯಾಗಿ ನಡುವೆ, 2ನೇ ಸೆಕೆಂಡಿಗೆ; ಹತ್ತೋದೂ ಇಳಿಯೋದೂ ಒಂದೇ ಥರ, ಇದೇ ಸಿಮೆಟ್ರಿ.

ಗುರುತ್ವ ಪ್ರತಿ ಸೆಕೆಂಡಿಗೆ ಮೇಲ್ಮುಖ ವೇಗದಿಂದ 10 ಕಳೀತಾ ಹೋಗುತ್ತೆ. 2 ಸೆಕೆಂಡಿಗೆ ಸೊನ್ನೆಯಾಗಬೇಕಾದರೆ ಶುರುವಿನಲ್ಲಿ 20 ಇರಲೇಬೇಕು. ಹಾಳೆಯ ಅಂಚಿನಲ್ಲಿ ಸೆಕೆಂಡಿಗೊಂದರಂತೆ ಬರೆದುಕೋ: 20, 10, 0, −10, −20. ಕಂಬಗಳ ತುದಿಯಲ್ಲಿ +10 ಮತ್ತು −10: ಅಳತೆ ಒಂದೇ, ದಿಕ್ಕು ಮಾತ್ರ ತಿರುಗಿದೆ. ಮೊದಲ ಸೆಕೆಂಡಿನ ಸರಾಸರಿ ವೇಗ 15, ಹಾಗಾಗಿ ಕಂಬದ ಎತ್ತರ 15 ಮೀಟರ್. ಎರಡನೇ ಸೆಕೆಂಡಿನ ಸರಾಸರಿ 5, ಗರಿಷ್ಠ ಎತ್ತರ 20 ಮೀಟರ್.

ಅಡ್ಡ ವೇಗದಲ್ಲೇ ಹೆಚ್ಚು ಜನ ಎಡವೋದು. 30ನ್ನು 3ರಿಂದ ಭಾಗಿಸಿ 10 ಅಂತ ಬರೀತಾರೆ. ಆ 30 ಮೀಟರ್ ಕ್ರಮಿಸಿದ್ದು 1ರಿಂದ 3ರವರೆಗೆ, ಅಂದರೆ 2 ಸೆಕೆಂಡಿನಲ್ಲಿ. ಅಡ್ಡ ವೇಗ 15. ಒಟ್ಟು ಹಾರಾಟ 4 ಸೆಕೆಂಡ್, ರೇಂಜ್ 60 ಮೀಟರ್. ಒದ್ದ ವೇಗ 15 ಮತ್ತು 20ರ ವರ್ಗಗಳ ಮೊತ್ತದ ವರ್ಗಮೂಲ, 25 ಮೀಟರ್ ಪ್ರತಿ ಸೆಕೆಂಡ್. ಕೋನದ ಟ್ಯಾನ್ 4/3, ಸುಮಾರು 53 ಡಿಗ್ರಿ. ಪಥದ ತುತ್ತತುದಿಯಲ್ಲಿ ವೇಗ ಸೊನ್ನೆ ಅಂತ ಮಾತ್ರ ಬರೀಬೇಡ, ಅಲ್ಲೂ ಅಡ್ಡ ವೇಗ 15 ಹಾಗೇ ಇರುತ್ತೆ.

ಸಿಇಟಿಗೆ ಓದೋರು ಇದನ್ನೂ ನೆನಪಿಡಿ: ಒಂದೇ ಎತ್ತರವನ್ನು ದಾಟುವ ಎರಡು ಸಮಯಗಳ ಗುಣಲಬ್ಧವನ್ನು ಜಿ ಇಂದ ಗುಣಿಸಿ ಅರ್ಧ ಮಾಡಿದರೆ ಆ ಎತ್ತರ ಸಿಗುತ್ತೆ. ಇಲ್ಲಿ 10 × 1 × 3 ÷ 2 = 15. ಎತ್ತರದ ವರ್ಗ ಸಮೀಕರಣದ ಮೂಲಗಳ ಗುಣಲಬ್ಧವೇ ಇದು, ಹೊಸ ಸೂತ್ರವೇನಲ್ಲ.

ಪ್ರಶ್ನೆ (ವಿದ್ಯಾರ್ಥಿ, ಮೂಡಿಗೆರೆ):
ಸರ್, ಅದೇ ಚೆಂಡನ್ನು 25 ಮೀಟರ್ ಎತ್ತರದ ದರೆಯ ಅಂಚಿನಿಂದ ಒದ್ದರೂ ಹಾರಾಟದ ಸಮಯ 4 ಸೆಕೆಂಡೇನಾ?

ಉತ್ತರ:
ಅಲ್ಲಪ್ಪ. ಸಿಮೆಟ್ರಿ ಇರೋದು ಒಂದೇ ಎತ್ತರದ ಎರಡು ಬಿಂದುಗಳ ನಡುವೆ ಮಾತ್ರ. 4ನೇ ಸೆಕೆಂಡಿಗೆ ಚೆಂಡು ದರೆಯ ಮಟ್ಟಕ್ಕೆ ಬಂದು, 20ರ ವೇಗದಲ್ಲಿ ಕೆಳಗಿಳೀತಾ ಇರುತ್ತೆ. ಇನ್ನು 25 ಮೀಟರ್ ಇಳಿಯೋಕೆ 1 ಸೆಕೆಂಡ್ ಸಾಕು: 20 + 5. ಒಟ್ಟು 5 ಸೆಕೆಂಡ್, ಅಡ್ಡ ದೂರ 75 ಮೀಟರ್.

ನೇರ ಸಮೀಕರಣ ಹಾಕಿದರೆ ಸ್ಥಾನಾಂತರ −25 ಅಂತ ಬರೀಬೇಕು. ಮೈನಸ್ ಬಿಟ್ಟರೆ ವರ್ಗಮೂಲದೊಳಗೆ ಋಣಸಂಖ್ಯೆ ಬಂದು ಲೆಕ್ಕ ನಿಲ್ಲುತ್ತೆ. ಸರಿಯಾಗಿ ಬರೆದರೆ 5 ಮತ್ತು −1 ಅಂತ ಎರಡು ಉತ್ತರ. −1 ಹೊಡೆದುಹಾಕೋ ಮುಂಚೆ ಒಂದು ಸಲ ನೋಡು: ಪಥವನ್ನು ಹಿಂದಕ್ಕೆ ಬೆಳೆಸಿದರೆ ಚೆಂಡು ದರೆಯ ಬುಡದ ಮಟ್ಟದಲ್ಲಿ ಇರಬೇಕಿದ್ದ ಕ್ಷಣ ಅದು. 2ನೇ ಸೆಕೆಂಡಿಗೆ −1 ಎಷ್ಟು ದೂರವೋ 5 ಕೂಡ ಅಷ್ಟೇ ದೂರ. ಉತ್ತರ ತಾಳೆ ನೋಡೋಕೆ ಇಷ್ಟು ಒಳ್ಳೆಯ ದಾರಿ ಬೇರೆ ಇಲ್ಲ.

ಪ್ರಶ್ನೆ (ಉಪನ್ಯಾಸಕಿ, ಚಿಕ್ಕಮಗಳೂರು):
37 ಮತ್ತು 53 ಡಿಗ್ರಿಗೆ ರೇಂಜ್ ಒಂದೇ ಅನ್ನೋದನ್ನ ಮಕ್ಕಳು ಬಾಯಿಪಾಠ ಮಾಡ್ತಾರೆ ಸರ್. ಸೈನ್ ಟೂ ಥೀಟಾ ಸೂತ್ರ ಇಲ್ಲದೆ ಹೇಗೆ ಹೇಳಬಹುದು?

ಉತ್ತರ:
ಮೇಡಂ, ರೇಂಜ್ ಅಂದರೆ ಎರಡು ಕಾಂಪೊನೆಂಟುಗಳ ಗುಣಲಬ್ಧದ ಎರಡರಷ್ಟನ್ನು ಜಿ ಇಂದ ಭಾಗಿಸಿದ್ದು ಅಂತ ತೋರಿಸಿ. ಅದೇ 25ರ ವೇಗದಲ್ಲಿ ಒದ್ದರೆ 53ಕ್ಕೆ ಅಡ್ಡ 15, ಮೇಲೆ 20. 37ಕ್ಕೆ ಅಡ್ಡ 20, ಮೇಲೆ 15. ಗುಣಲಬ್ಧ ಬದಲಾಗಲ್ಲ, ರೇಂಜ್ 60 ಮೀಟರೇ. 45ರಿಂದ ಸಮನಾಗಿ ಆಚೀಚೆ ಇರುವ ಕೋನಗಳ ಈ ಗುಣವನ್ನು ಗೆಲಿಲಿಯೊ 1638ರಲ್ಲೇ ಸಾಧಿಸಿ ತೋರಿಸಿದ್ದ. ಸಮಯ ಮತ್ತು ಎತ್ತರ ಮಾತ್ರ ಬೇರೆ: 37ಕ್ಕೆ 3 ಸೆಕೆಂಡ್, 11.25 ಮೀಟರ್.

ಮೇಲಿನ ದರೆಯಿಂದಲೂ 37 ಡಿಗ್ರಿಗೆ ಒದೆಸಿ ನೋಡಿ. ಸುಮಾರು 4.19 ಸೆಕೆಂಡ್, ದೂರ ಸುಮಾರು 84 ಮೀಟರ್. 53ರದ್ದು 75. ಬೀಳುವ ಜಾಗ ತಗ್ಗಿನಲ್ಲಿದ್ದರೆ ಈ ಜೋಡಿ ಕೋನಗಳ ಸಮಾನತೆ ಉಳಿಯಲ್ಲ ಅನ್ನೋದನ್ನ ಮಕ್ಕಳೇ ಲೆಕ್ಕ ಮಾಡಿ ಕಂಡುಕೊಳ್ಳಲಿ.

ಪ್ರಶ್ನೆ (ವಿದ್ಯಾರ್ಥಿ, ಹಾಸನ):
ನಮ್ಮೂರಿನ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ನಿಯಂತ್ರಿಸೋ ಉಪಗ್ರಹಗಳಿಗೂ ಇದೇ ಲೆಕ್ಕ ಹಾಕಬಹುದಾ ಸರ್?

ಉತ್ತರ:
ಆಗಲ್ಲಪ್ಪ. ನಮ್ಮ ಲೆಕ್ಕವೆಲ್ಲ ಜಿ ಬೆಲೆಯೂ ದಿಕ್ಕೂ ಬದಲಾಗಲ್ಲ ಅಂತ ಹಿಡಿದು ಮಾಡಿದ್ದು. ಮೈದಾನದ ಮಟ್ಟಿಗೆ ಅದು ಸರಿ. ಭೂಸ್ಥಿರ ಉಪಗ್ರಹ ಇರೋದು ಸುಮಾರು 36,000 ಕಿಲೋಮೀಟರ್ ಮೇಲೆ. ಅಲ್ಲಿ ಜಿ ಸುಮಾರು 0.22ಕ್ಕೆ ಇಳಿದಿರುತ್ತೆ, ಅದರ ದಿಕ್ಕು ಭೂಮಿಯ ಕೇಂದ್ರದ ಕಡೆಗೆ ತಿರುಗುತ್ತಲೇ ಇರುತ್ತೆ. ಅದಕ್ಕೆ ಪ್ಯಾರಾಬೋಲ (ಒದ್ದ ಚೆಂಡಿನ ಬಾಗಿದ ಪಥ) ಸಲ್ಲದು, ಗುರುತ್ವಾಕರ್ಷಣೆಯ ಪಾಠದಿಂದಲೇ ಶುರು ಮಾಡಬೇಕು.