ಸಹಾಯ ಬೇಕು: ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರು ಬೇರೆ ಬೇರೆಯಾಗಿ ಕೆಲಸ ಮಾಡಬೇಕು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರದ ನಮ್ಮ ಊರಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಇರುವುದು ಒಂದೇ. ಒಬ್ಬರು ಕೂತರೆ ಏಳೆಂಟು ಮಕ್ಕಳು ಹಿಂದೆ ನಿಂತು ನೋಡುತ್ತಾರೆ. ಪಾಪ, ಅವರ ಸರದಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಇನ್ನೊಂದು ಕೊಳ್ಳೋಣ ಅಂದರೆ ದುಡ್ಡಿನ ಜೊತೆ ಕರೆಂಟಿನ ಚಿಂತೆ. ಮಳೆಗಾಲದಲ್ಲಿ ಇಲ್ಲಿ ಹೇಗಿರುತ್ತದೆ ಅಂತ ಗೊತ್ತಲ್ವಾ? ನಮ್ಮ ಸಣ್ಣ ಯುಪಿಎಸ್ ಎರಡು ಸಿಪಿಯು ತಡೆಯುವುದಿಲ್ಲ.

ಅದಕ್ಕೇ ಮಲ್ಟಿಸೀಟ್ ಮಾಡಲು ಹೊರಟೆ. ಸಿಪಿಯು ಒಂದೇ. ಮಾನಿಟರ್, ಕೀಬೋರ್ಡ್, ಮೌಸ್ ಮಾತ್ರ ಇಬ್ಬರಿಗೂ ಬೇರೆ. ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇದೆ, ರ‍್ಯಾಮ್ 8 ಜಿಬಿ. ಒಂದು ಮಾನಿಟರ್ ಮದರ್‌ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್‌ಗೆ, ಇನ್ನೊಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ. ಕಾರ್ಡ್ ಹಾಕಿದ ಕೂಡಲೇ ಬೋರ್ಡಿನ ಗ್ರಾಫಿಕ್ಸ್ ಆಫ್ ಆಗಿತ್ತು. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಆನ್ ಮಾಡಿದೆ. ಆಮೇಲೆ ಯಾವ ಸಾಧನ ಯಾರ ಸೀಟಿಗೆ ಅಂತ ಹೇಳುವ ಲಾಗಿನ್‌ಸಿಟಿಎಲ್ ಅಟ್ಯಾಚ್ ಕಮಾಂಡ್ ಕೊಟ್ಟು ಕಾರ್ಡನ್ನೂ ಯುಎಸ್‌ಬಿ ಹಬ್ ಅನ್ನೂ ಸೀಟ್ 1ಕ್ಕೆ, ಅಂದರೆ ಎರಡನೆಯವರ ಜಾಗಕ್ಕೆ, ಸೇರಿಸಿದೆ. ಹಬ್ ಸೇರಿಸಿದರೆ ಸಾಕು, ಅದಕ್ಕೆ ಚುಚ್ಚಿದ ಕೀಬೋರ್ಡ್, ಮೌಸ್ ತಾನಾಗೇ ಆ ಸೀಟಿಗೆ ಹೋಗುತ್ತವೆ. ಇದು ನನಗೆ ತುಂಬಾ ಇಷ್ಟವಾಯಿತು.

ಈಗ ಎರಡೂ ಕಡೆ ಲಾಗಿನ್ ಸ್ಕ್ರೀನ್ ಬರುತ್ತಿದೆ. ಆದರೆ ಸೀಟ್ 1ರಲ್ಲಿ ಪಾಸ್‌ವರ್ಡ್ ಹೊಡೆದ ಕೂಡಲೇ ಸ್ಕ್ರೀನ್ ಕಪ್ಪಾಗಿ, ತಿರುಗಿ ಲಾಗಿನ್‌ಗೇ ಬಂದು ನಿಲ್ಲುತ್ತದೆ. ಪರದೆ ತೋರಿಸುವ ವೇಲ್ಯಾಂಡ್ ಬಿಟ್ಟು ಹಳೆಯ ಎಕ್ಸ್‌ಆರ್ಗ್ ಆರಿಸಿದರೂ ಹಾಗೇ. ಇಬ್ಬರಿಗೂ ಬೇರೆ ಯೂಸರ್ ಮಾಡಿದ್ದೇನೆ. ಲಾಗಿನ್ ಸ್ಕ್ರೀನ್ ತೋರಿಸುವ ಜಿಡಿಎಂ ಬದಲು ಅದೇ ಕೆಲಸದ ಲೈಟ್‌ಡಿಎಂ ಹಾಕಿದರೆ ಸರಿಹೋಗುತ್ತದಾ? ಇಲ್ಲ ಕಾರ್ಡೇ ಬದಲಾಯಿಸಬೇಕಾ? ಚಿಕ್ಕಮಗಳೂರು, ಹಾಸನದ ಕಡೆ ಯಾರಾದರೂ ಇದನ್ನು ಮಾಡಿದ್ದರೆ ದಯವಿಟ್ಟು ಹೇಳಿ. ಭಾನುವಾರ ಸಿಪಿಯು ಹೊತ್ತುಕೊಂಡು ನಾನೇ ಬರುತ್ತೇನೆ.