ಮೂರನೇ ಕ್ಲಾಸ್ ಹುಡುಗ, ಓದು ಚೆನ್ನಾಗಿದೆ, ಬರವಣಿಗೆ ಮಾತ್ರ ಆಗ್ತಿಲ್ಲ

ಅಂಗಳದ_ಟೀಚರ್
ಹುಡುಗನಿಗೆ ಎಂಟೂವರೆ ವರ್ಷ, ಕನ್ನಡ ಮಾಧ್ಯಮ, ಬಲಗೈ. ಪಾಠ ಸರಾಗವಾಗಿ ಓದುತ್ತಾನೆ, ಬಾಯಲ್ಲಿ ಕೇಳಿದರೆ ಉತ್ತರ ಥಟ್ಟನೆ ಬರುತ್ತೆ. ಬರೆಯೋಕೆ ಕೂತರೆ ಐದು ಸಾಲಿಗೆ ಕೈ ನೋವು ಅಂತ ಪೆನ್ಸಿಲ್ ಕೆಳಗಿಡ್ತಾನೆ. ಒತ್ತಿದ ಗುರುತು ಪುಟದ ಬೆನ್ನಿಗೂ ಮೂಡಿರುತ್ತೆ. ಅಕ್ಷರ ಒಂದೊಂದು ಗಾತ್ರ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಹೋಗಿ ಬೀಳುತ್ತವೆ. ಹೆಬ್ಬೆರಳು ಪೆನ್ಸಿಲ್ ಮೇಲೆ ಅಡ್ಡಲಾಗಿ ಸುತ್ತಿಕೊಂಡಿರುತ್ತೆ. ಮನೆಯಲ್ಲಿ ದಿನಕ್ಕೆ ಎರಡು ಪುಟ ಕಾಪಿ ಬರೆಸುತ್ತಿದ್ದಾರೆ, ಏನೂ ಬದಲಾಗಿಲ್ಲ. ಪೆನ್ಸಿಲ್‌ಗೆ ತೊಡಿಸುವ ರಬ್ಬರ್ ಗ್ರಿಪ್ ತರಿಸಲೇ? ಆಕ್ಯುಪೇಶನಲ್ ಥೆರಪಿಯಲ್ಲಿ (ಓಟಿ, ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸೆ) ಇದಕ್ಕೆ ಏನು ಮಾಡ್ತಾರೆ?

ಓಟಿ_ಮಕ್ಕಳ_ವಿಭಾಗ
ಟೀಚರ್, ಮೊದಲು ಆ ಎರಡು ಪುಟ ಕಾಪಿ ನಿಲ್ಲಿಸಿ. ದಣಿದ ಕೈಗೆ ತಪ್ಪು ಚಲನೆಯೇ ರೂಢಿಯಾಗುತ್ತೆ.

ಬರೆಯುವಾಗ ಪಕ್ಕದಲ್ಲಿ ಕೂತು ನೋಡಿ. ಪಾದ ನೆಲಕ್ಕೆ ಪೂರ್ತಿ ತಾಗುತ್ತಿದೆಯೇ? ಇಲ್ಲದಿದ್ದರೆ ಕಾಲ ಕೆಳಗೆ ಮಣೆ ಕೊಡಿ. ಕಾಲು ನೇತಾಡಿದರೆ ಮೈ ಎಡಗೈ ಮೇಲೆ ವಾಲುತ್ತೆ, ಆಗ ಹಾಳೆ ಹಿಡಿಯೋಕೆ ಕೈ ಇರೋದಿಲ್ಲ. ಮೇಜು ಮಡಿಸಿದ ಮೊಣಕೈಗಿಂತ ಸುಮಾರು 5 ಸೆಂ.ಮೀ. ಮೇಲಿದ್ದರೆ ಸಾಕು. ನೆಲದ ಮೇಲೆ ಕೂರುವ ಶಾಲೆಯಾದರೆ ಇಳಿಜಾರಿನ ಗಿಡ್ಡ ಡೆಸ್ಕ್ ಬೇಕು, ತೊಡೆ ಮೇಲೆ ಪುಸ್ತಕ ಬೇಡ. ಬಲಗೈ ಮಗುವಿಗೆ ಹಾಳೆಯನ್ನು 20–30 ಡಿಗ್ರಿ ಎಡಕ್ಕೆ ಓರೆ ಮಾಡಿ.

ಈಗ ತೋರುಬೆರಳು. ಅದರ ತುದಿಯ ಗಿಣ್ಣು ಒಳಕ್ಕೆ ಕುಸಿದು, ಉಗುರಿನ ಬುಡ ಬಿಳಿಚಿಕೊಂಡಿದೆಯೇ? ಹಾಗಿದ್ದರೆ ಕೀಲು ಸಡಿಲ ಇರಬಹುದು. ಅಂಥ ಮಕ್ಕಳಿಗೆ ಪೆನ್ಸಿಲ್ ಎಲ್ಲಿದೆ ಅನ್ನೋದು ಗಟ್ಟಿಯಾಗಿ ಒತ್ತಿದರೇ ತಿಳಿಯೋದು. "ಮೆಲ್ಲಗೆ ಬರಿ" ಅಂದರೆ ಪ್ರಯೋಜನವಿಲ್ಲ, ಕೈಗೆ ಗೊತ್ತಾಗುವ ಹಾಗೆ ಮಾಡಬೇಕು. ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಇಡಿ. ಎರಡನೇ ಹಾಳೆಗೆ ಅಕ್ಷರ ಬರಬೇಕು, ಮೂರನೆಯದಕ್ಕೆ ಬರಬಾರದು, ಇದೇ ಆಟ. ಪೆನ್ಸಿಲ್ 2ಬಿ ಕೊಡಿ, ಹಗುರ ಕೈಗೂ ಕಪ್ಪಾಗಿ ಮೂಡುತ್ತೆ.

ಬಾಲವಾಡಿ_ಬಳಗ
ಬೆರಳಿಗೆ ಶಕ್ತಿ ಬಂದರೆ ಬರವಣಿಗೆ ತಾನಾಗೇ ಬರುತ್ತೆ. ಅಳಗುಳಿ ಮಣೆ ಆಡಿಸಿ: ಐದು ಹುಣಸೆ ಬೀಜ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, ಇನ್ನೊಂದು ಕೈ ತಾಗಿಸದೆ, ಒಂದೊಂದೇ ಬೀಜ ಬೆರಳ ತುದಿಗೆ ತಂದು ಗುಳಿಗೆ ಬಿಡಬೇಕು. ರಂಗೋಲಿ ಪುಡಿ ಚಿಟಿಕೆ ಹಿಡಿಯೋದು, ಹೂ ಕಟ್ಟೋದು, ಬಟ್ಟೆ ಕ್ಲಿಪ್ ಹಾಕೋದು, ಎಲ್ಲವೂ ಮೂರು ಬೆರಳಿನ ಕೆಲಸವೇ.

ಓಟಿ_ಮಕ್ಕಳ_ವಿಭಾಗ
ಬೀಜದ ಆಟ ಬಹಳ ಒಳ್ಳೆಯದು, ಆದರೆ "ತಾನಾಗೇ" ಅನ್ನೋದನ್ನು ಒಪ್ಪಲಾರೆ. ಬರೆಸದೆ ಬರೀ ಬೆರಳ ವ್ಯಾಯಾಮ ಮಾಡಿಸಿದರೆ ಬೆರಳು ಬಲಿಯುತ್ತೆ, ಅಕ್ಷರ ಅಲ್ಲೇ ಇರುತ್ತೆ. 2011ರಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಪರಾಮರ್ಶೆಯಲ್ಲೂ ಇದೇ ಕಂಡಿತು: ವಾರಕ್ಕೆ ಕನಿಷ್ಠ 2 ಸಲ, ಒಟ್ಟು 20 ಸಲವಾದರೂ ಬರವಣಿಗೆಯನ್ನೇ ಅಭ್ಯಾಸ ಮಾಡಿಸಬೇಕು. ಎರಡು ನಿಮಿಷ ಬೀಜ, ಎಂಟು ನಿಮಿಷ ಬರವಣಿಗೆ, ಅಷ್ಟು ಸಾಕು.

ಗ್ರಿಪ್ ಬಗ್ಗೆ: ನಾಲ್ಕು ಬೆರಳಲ್ಲಿ ಹಿಡಿದರೂ, ಹೆಬ್ಬೆರಳು ಅಡ್ಡ ಬಂದರೂ ಚೆನ್ನಾಗಿ ಬರೆಯುವವರು ಬೇಕಾದಷ್ಟಿದ್ದಾರೆ. ಎಂಟು ದಾಟಿದ ಮೇಲೆ ಹಿಡಿತ ಬದಲಿಸೋದು ಕಷ್ಟ. ಇವನಿಗೆ ನೋವಿರೋದರಿಂದ ಮಾತ್ರ ಪ್ರಯತ್ನಿಸಬಹುದು. ಮೊದಲು 5 ಸೆಂ.ಮೀ. ಉದ್ದದ ತುಂಡು ಪೆನ್ಸಿಲ್ ಕೊಟ್ಟು ನೋಡಿ, ಅಷ್ಟು ಗಿಡ್ಡದ್ದರ ಸುತ್ತ ಮುಷ್ಟಿ ಕಟ್ಟೋಕೆ ಜಾಗವೇ ಇರೋದಿಲ್ಲ.

ನಲಿಕಲಿ_ಮಿತ್ರ
ನಮ್ಮ ಲಿಪಿಯ ಮಾತೂ ಇದೆ. ಕನ್ನಡಕ್ಕೆ ಮೂರು ಪಟ್ಟಿ ಬೇಕು: ಮೇಲೆ ಗುಡಿಸು–ಎತ್ವಕ್ಕೆ, ನಡುವೆ ಮೂಲಾಕ್ಷರಕ್ಕೆ, ಕೆಳಗೆ ಒತ್ತಿಗೆ. ಕೆಳಗಿನ ಪಟ್ಟಿಗೆ ಜಾಗ ಕೊಡದ ಪುಸ್ತಕದಲ್ಲಿ ಒತ್ತಕ್ಷರ ಡಿಕ್ಕಿ ಹೊಡೆಯದೆ ಇನ್ನೇನು ಮಾಡುತ್ತೆ? ನಡುವಿನ ಪಟ್ಟಿ 12 ಮಿ.ಮೀ., ಕೆಳಗಿನದು 8 ಮಿ.ಮೀ. ಗೆರೆ ಹಾಕಿ, ಕೆಳಗಿನದಕ್ಕೆ ಹಳದಿ ಬಣ್ಣ ಬಳಿಯಿರಿ. "ಅಕ್ಕ", "ಅಜ್ಜ", "ಹಳ್ಳಿ" ಬರೆಸಿ, ಒತ್ತು ಹಳದಿಯೊಳಗೇ ಕೂರಬೇಕು. ಎರಡು ವಾರದ ನಂತರ ಬಣ್ಣ ತೆಗೆದು ಗೆರೆ ಮಾತ್ರ ಉಳಿಸಿ.

ಅ ಆ ಇ ಈ ಸಾಲಿಗೆ ಹೋಗಬೇಡಿ. ರ ಗ ಸ ದ ಅ, ಆಮೇಲೆ ಜ ವ ಮ ಬ ನ, ಹೀಗೆ ಒಂದಾದ ಮೇಲೊಂದು. ಇಂಥ ಮಕ್ಕಳು ರ ಬರೆಯುವಾಗ ಉಂಗುರ ಒಂದು ಸಲ, ತಲೆಕಟ್ಟು ಇನ್ನೊಂದು ಸಲ ಹಾಕ್ತಾರೆ, ನಡುವೆ ಸಂದು ಉಳಿದು ಸೊನ್ನೆಯಂತೆ ಕಾಣುತ್ತೆ. ಒಂದು ಅಕ್ಷರ ಐದೇ ಸಲ ಬರೆಸಿ, "ಯಾವುದು ಚೆನ್ನಾಗಿದೆ, ಸುತ್ತು ಹಾಕು" ಅನ್ನಿ. ತಪ್ಪಿಗೆ ಕೆಂಪು ಗೀಟು ಬೇಡ, ಆರಿಸೋದು ಅವನೇ ಆಗಬೇಕು.

ಅಂಗಳದ_ಟೀಚರ್
ನಾಳೆಯೇ ಗೆರೆ ಹಾಕ್ತೀನಿ. ಪರೀಕ್ಷೆ ಹೊತ್ತಿಗೆ ಸರಿಹೋಗದಿದ್ದರೆ? ಎಲ್ಲಿ ತೋರಿಸಲು ಹೇಳಲಿ?

ವಿಶೇಷ_ಶಿಕ್ಷಕ
ಮೊದಲು ಕಣ್ಣಿನ ಪರೀಕ್ಷೆ. ಆಮೇಲೆ ಒಂದೇ ಹತ್ತು ಪದಗಳನ್ನು ಮೂರು ಬಗೆಯಲ್ಲಿ ಪರೀಕ್ಷಿಸಿ: ಬಾಯಲ್ಲಿ ಅಕ್ಷರ ಬಿಡಿಸಿ ಹೇಳಲಿ, ಉಕ್ತಲೇಖನ ಬರೆಯಲಿ, ನೋಡಿ ಬರೆಯಲಿ. ಬಾಯಲ್ಲಿ ಸರಿಯಾಗಿ ಹೇಳಿ ಬರೆಯುವ ಎರಡರಲ್ಲೂ ಎಡವಿದರೆ ತೊಂದರೆ ಕೈ–ಕಣ್ಣಿನ ಹೊಂದಾಣಿಕೆಯದಿರಬಹುದು. ಬಾಯಲ್ಲೇ ತಪ್ಪಿದರೆ ಕಲಿಕೆಯ ತೊಂದರೆಯನ್ನೂ ನೋಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕಾ ನ್ಯೂನತೆಯ ಪರೀಕ್ಷೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓಟಿ ಸೇವೆ ಸಿಗುತ್ತೆ. ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್‌ಗ್ರಾಫಿಯಾ (ಬರವಣಿಗೆಗೆ ಸಂಬಂಧಿಸಿದ ಕಲಿಕಾ ನ್ಯೂನತೆ) ಹೆಸರು ಸ್ಪಷ್ಟವಾಗಿಯೇ ಇದೆ. ಪ್ರಮಾಣಪತ್ರ ಸಿಕ್ಕರೆ ಕೇಂದ್ರದ ಮಾರ್ಗಸೂಚಿಯಂತೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ತರಗತಿಯ ಕಿರುಪರೀಕ್ಷೆಗೆ ಪ್ರಮಾಣಪತ್ರ ಕಾಯಬೇಕಿಲ್ಲ, ನೀವೇ ಅರ್ಧ ಪ್ರಶ್ನೆ ಬಾಯಲ್ಲಿ ಕೇಳಬಹುದು. ಬೋರ್ಡ್ ನೋಡಿ ಬರೆದುಕೊಳ್ಳುವುದನ್ನು ಇವತ್ತಿನಿಂದಲೇ ಕಡಿಮೆ ಮಾಡಿ.

ಒಂದು ಎಚ್ಚರಿಕೆ: ಮೊದಲು ಚೆನ್ನಾಗಿ ಬರೆಯುತ್ತಿದ್ದವನು ಇತ್ತೀಚೆಗೆ ಕೆಟ್ಟಿದ್ದರೆ, ಕೈ ನಡುಗಿದರೆ, ಅಥವಾ ಮೈಯ ಒಂದೇ ಬದಿ ಸೋತಂತಿದ್ದರೆ ಥೆರಪಿಗೆ ಮುಂಚೆ ಮಕ್ಕಳ ಡಾಕ್ಟರಿಗೆ ತೋರಿಸಿ.