ಯೀಲ್ಡ್ ಕರೆದ ಮಾತ್ರಕ್ಕೆ ಥ್ರೆಡ್ ಬದಲಾಗುತ್ತದೆಯೇ?

ರಾಘವೇಂದ್ರ: ಲಿನಕ್ಸ್‌ನಲ್ಲಿ ಎರಡು ಥ್ರೆಡ್‌ಗಳು (ಪ್ರೋಗ್ರಾಂನೊಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆಗಳು) ಲೂಪಿನೊಳಗೆ ಸತತವಾಗಿ ಸ್ಕೆಡ್_ಯೀಲ್ಡ್ (ಸರದಿ ಬಿಟ್ಟುಕೊಡುವ ಕರೆ) ಕರೆಯುವಂತೆ ಬರೆದು, ಹಿಡಿದ ಸಮಯವನ್ನು ಕರೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಥ್ರೆಡ್ ಬದಲಾವಣೆಯ ವೆಚ್ಚ ದೊರೆಯುತ್ತದೆ ಎಂಬುದು ನನ್ನ ವಾದ. ಪ್ರತಿ ಕರೆಯಲ್ಲೂ ಥ್ರೆಡ್ ತಾನಾಗಿಯೇ ಪ್ರೊಸೆಸರನ್ನು ಬಿಟ್ಟುಕೊಡುತ್ತದಲ್ಲವೇ?

ಶೈಲಜಾ: ಬಿಟ್ಟುಕೊಡಲು ಸಿದ್ಧ ಎಂದಷ್ಟೇ ಅದು ತಿಳಿಸುತ್ತದೆ, ನಿರ್ಧಾರ ಮುಂದೆ ಯಾವ ಥ್ರೆಡ್ ಓಡಬೇಕೆಂದು ಆರಿಸುವ ಶೆಡ್ಯೂಲರ್‌ನದು. ನಿಮ್ಮ ಥ್ರೆಡ್‌ಗಳು ಪ್ರೊಸೆಸರ್‌ನ ಬೇರೆ ಬೇರೆ ಕೋರ್‌ಗಳಲ್ಲಿದ್ದು, ಅಲ್ಲಿ ಸರದಿಗಾಗಿ ಮತ್ತಾವ ಥ್ರೆಡ್ಡೂ ಕಾಯುತ್ತಿಲ್ಲದಿದ್ದರೆ, ಕರೆಯು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಹೊಕ್ಕು ಅದೇ ಥ್ರೆಡ್‌ಗೆ ಮರಳುತ್ತದೆ. ಆಗ ನೀವು ಅಳೆದದ್ದು ಸಿಸ್ಟಂ ಕಾಲ್‌ನ (ಕರ್ನಲ್‌ಗೆ ಮಾಡುವ ಕರೆಯ) ವೆಚ್ಚವನ್ನೇ ಹೊರತು ಬದಲಾವಣೆಯದನ್ನಲ್ಲ. ಮೊದಲು ಟಾಸ್ಕ್‌ಸೆಟ್ ಆದೇಶ ಬಳಸಿ ಎರಡನ್ನೂ ಒಂದೇ ಕೋರ್‌ಗೆ ಸೀಮಿತಗೊಳಿಸಿ.

ಇಮ್ತಿಯಾಜ್: ಶೈಲಜಾ ಅವರೇ, ಅಷ್ಟು ಸಾಲದು. ಸಾಮಾನ್ಯ ಶೆಡ್ಯೂಲಿಂಗ್ ನೀತಿಯಲ್ಲಿ ಯೀಲ್ಡ್ ಕರೆದ ಥ್ರೆಡ್ಡನ್ನೇ ಮತ್ತೆ ಆರಿಸುವ ಸ್ವಾತಂತ್ರ್ಯ ಶೆಡ್ಯೂಲರ್‌ಗೆ ಇದೆ. 2007ರ ಸಿಎಫ್ಎಸ್ ಮತ್ತು 2023ರಲ್ಲಿ ಕರ್ನಲ್‌ನ 6.6ನೇ ಆವೃತ್ತಿಯೊಂದಿಗೆ ಬಂದ ಇಇವಿಡಿಎಫ್ ಎಂಬ ಶೆಡ್ಯೂಲರ್‌ಗಳು ಇದನ್ನು ಬೇರೆ ಬೇರೆ ರೀತಿಯಲ್ಲಿ ನಿಭಾಯಿಸುತ್ತವೆ. ಆದ್ದರಿಂದ ಭಾಗಿಸುವ ಮೊದಲು ನಿಜವಾದ ಬದಲಾವಣೆಗಳನ್ನು ಎಣಿಸಬೇಕು. ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರೊಕ್ ಡೈರೆಕ್ಟರಿಯ ಅಡಿಯಲ್ಲಿ ಪ್ರತಿ ಥ್ರೆಡ್‌ನ ಸ್ಟೇಟಸ್ ಕಡತದ ಕೊನೆಯ ಭಾಗದಲ್ಲಿ ಸ್ವಯಂಪ್ರೇರಿತ ಮತ್ತು ಬಲವಂತದ ಬದಲಾವಣೆಗಳ ಎರಡು ಎಣಿಕೆಗಳಿರುತ್ತವೆ. ಯೀಲ್ಡ್‌ನಿಂದಾದ ಬದಲಾವಣೆ ಬಲವಂತದ ಎಣಿಕೆಗೆ ಸೇರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಥ್ರೆಡ್ ಆಗಲೂ ಓಡಲು ಸಿದ್ಧವಾದ ಸ್ಥಿತಿಯಲ್ಲೇ ಇರುತ್ತದೆ, ನಿದ್ರೆಗೆ ಜಾರುವುದನ್ನು ಮಾತ್ರ ಕರ್ನಲ್ ಸ್ವಯಂಪ್ರೇರಿತವೆಂದು ಪರಿಗಣಿಸುತ್ತದೆ. ಬೇರೊಂದು ಥ್ರೆಡ್ ನಿಜಕ್ಕೂ ಕೋರನ್ನು ಪಡೆದಾಗಲಷ್ಟೇ ಈ ಎಣಿಕೆ ಏರುವುದರಿಂದ, ಭಾಜಕವಾಗಬೇಕಾದದ್ದು ಇದೇ.

ರಾಘವೇಂದ್ರ: ಎಣಿಕೆಯ ಮಾತನ್ನು ಒಪ್ಪುತ್ತೇನೆ. ಆದರೂ ಎರಡು ಪೈಪ್‌ಗಳಲ್ಲಿ (ದತ್ತಾಂಶ ಸಾಗಿಸುವ ಮಾರ್ಗಗಳಲ್ಲಿ) ಒಂದು ಬೈಟನ್ನು ಅತ್ತಿಂದಿತ್ತ ಕಳಿಸುವ ಪ್ರಚಲಿತ ವಿಧಾನದಲ್ಲಿ ಓದುವ, ಬರೆಯುವ ವೆಚ್ಚವೂ ಬೆರೆಯುವುದರಿಂದ ಯೀಲ್ಡ್ ವಿಧಾನವೇ ಶುದ್ಧವೆನಿಸುತ್ತದೆ.

ಶೈಲಜಾ: ನಿಜವಾದ ಪ್ರೋಗ್ರಾಂನಲ್ಲಿ ಥ್ರೆಡ್ ಸಾಮಾನ್ಯವಾಗಿ ಬದಲಾಗುವುದು ದತ್ತಾಂಶಕ್ಕೋ, ಒಂದು ಬಾರಿಗೆ ಒಂದೇ ಥ್ರೆಡ್ ಹಿಡಿಯಬಹುದಾದ ಲಾಕ್‌ಗೋ ಕಾಯಬೇಕಾದಾಗ. ಮಲಗಿ ಏಳುವ ವೆಚ್ಚ, ಮರಳಿ ಬಂದಾಗ ಪ್ರೊಸೆಸರ್‌ನ ವೇಗದ ಸ್ಮೃತಿಯಾದ ಕ್ಯಾಶ್‌ನಲ್ಲಿ ತನ್ನ ದತ್ತಾಂಶ ಉಳಿದಿರದ ನಷ್ಟ, ಇವೆರಡನ್ನೂ ಬಿಟ್ಟು ಸಿಗುವ ಸಂಖ್ಯೆ ವಿನ್ಯಾಸಕ್ಕೆ ನೆರವಾಗದು. ಲಾಕ್‌ಗೆ ಕಾಯುತ್ತಾ ಯೀಲ್ಡ್ ಕರೆಯುವುದಂತೂ ಬೇಡವೇ ಬೇಡ: ಲಾಕ್ ಯಾರ ಕೈಯಲ್ಲಿದೆ ಎಂಬುದು ಕರ್ನಲ್‌ಗೆ ತಿಳಿಯದ ಕಾರಣ, ಅದು ಕಾಯುತ್ತಿರುವ ಇನ್ನೊಂದು ಥ್ರೆಡ್‌ಗೇ ಸಮಯ ಕೊಡಬಹುದು. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2020ರಲ್ಲಿ ಇಂತಹ ಸ್ಪಿನ್‌ಲಾಕ್‌ಗಳನ್ನು (ಮಲಗದೆ ಲೂಪಿನಲ್ಲೇ ಕಾಯುವ ಲಾಕ್‌ಗಳನ್ನು) ಕಟುವಾಗಿ ಟೀಕಿಸಿದ್ದರು. ಕಾಯುವ ಥ್ರೆಡ್ಡನ್ನು ಕರ್ನಲ್ ಮೂಲಕ ಮಲಗಿಸುವ, ಫ್ಯೂಟೆಕ್ಸ್ ಆಧಾರಿತ ಮ್ಯೂಟೆಕ್ಸ್ ಲಾಕ್‌ನಲ್ಲಿ ಈ ತೊಡಕಿಲ್ಲ.

ಇಮ್ತಿಯಾಜ್: ರಿಯಲ್‌ಟೈಮ್ ಫೈಫೋ (ಮೊದಲು ಬಂದದ್ದಕ್ಕೆ ಮೊದಲ ಸರದಿ) ನೀತಿಯಲ್ಲಿ ಯೀಲ್ಡ್‌ಗೆ ಖಚಿತ ಅರ್ಥವಿದೆ: ಕರೆದ ಥ್ರೆಡ್ ತನ್ನ ಆದ್ಯತೆಯ ಸಾಲಿನ ಕೊನೆಗೆ ಹೋಗುತ್ತದೆ. ರಾಘವೇಂದ್ರ ಅವರು ತಮ್ಮ ಪರೀಕ್ಷೆಯನ್ನು ಉಳಿಸಿಕೊಳ್ಳುವುದಾದರೆ, ಸಮಾನ ಆದ್ಯತೆಯ ಎರಡು ಥ್ರೆಡ್‌ಗಳನ್ನು ಆ ನೀತಿಯಲ್ಲಿ ಒಂದೇ ಕೋರ್ ಮೇಲೆ ಓಡಿಸಿ, ಫಲಿತಾಂಶದ ಪಕ್ಕದಲ್ಲೇ ಬದಲಾವಣೆಗಳ ಎಣಿಕೆಯನ್ನೂ ಕೊಡಲಿ.